ಚಿತ್ರದಲ್ಲಿ ಇಲ್ಲದ ಗಣಿತದ ಮೇಷ್ಟ್ರು

ಚಿಂತಾಮಣಿಯ ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಕೊಠಡಿಯ ಉದ್ಘಾಟನೆಯಾದ ದಿನ ತೆಗೆಸಿದ ಭಾವಚಿತ್ರದಲ್ಲಿ ಗಣಿತದ ಮೇಷ್ಟ್ರನ್ನು ಸೇರಿಸಿಕೊಳ್ಳಲಿಲ್ಲ. ಅದು ತೊಂಬತ್ತರ ದಶಕದ ಮಾತು, ಅವರ ಸಹೋದ್ಯೋಗಿಯಾಗಿದ್ದ ನಾನು ಮರೆತಿಲ್ಲ.

ಆ ಯಂತ್ರವನ್ನು ಬಲ್ಲವರು ನಮ್ಮಲ್ಲಿ ಅವರೊಬ್ಬರೇ. ಕೆಂಚಾರ್ಲಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅವರ ಕೇರಿ ಯಾವುದೆಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಗೊತ್ತಿತ್ತು; ಊಟದ ಹೊತ್ತಿಗೆ ಪಕ್ಕದಲ್ಲಿ ಯಾರೂ ಜಾಗ ಬಿಡುತ್ತಿರಲಿಲ್ಲ. ನಾನೊಬ್ಬ ಕರೆದರೆ ಕೈಮುಗಿದು ನಕ್ಕು, ಕಂಪ್ಯೂಟರಿನ ಮುಂದೆ ಒಬ್ಬರೇ ಡಬ್ಬಿ ಬಿಚ್ಚುತ್ತಿದ್ದರು. ಸದಿಶಗಳ, ಅಂದರೆ ವೆಕ್ಟರುಗಳ ಪಾಠದಲ್ಲಿ ಅಂಕಿಗಳ ಸಾಲೆಂದು ಪೆನ್ನನ್ನು ಅಡ್ಡ ಹಿಡಿದು, ಮೆಲ್ಲಗೆ ನೆಟ್ಟಗೆ ನಿಲ್ಲಿಸಿ, “ಅಂಕಿ ಅವೇ ಕಣಪ್ಪ, ನಿಲ್ಲೋ ರೀತಿ ಬೇರೆ” ಎನ್ನುತ್ತಿದ್ದರು.

ಉದ್ಘಾಟನೆಯಂದು ಅತಿಥಿಗಳೆದುರು ಆಡಳಿತ ಮಂಡಳಿಯ ಕಾರ್ಯದರ್ಶಿಗಳೇ ಮೂರು ಮೂರು ಅಂಕಿಗಳ ಎರಡು ಸದಿಶಗಳನ್ನು ಕೂಡಿಸಲು ಹೊರಟರು. ಒಂದನ್ನು ಅಡ್ಡಸಾಲಾಗಿ, ಇನ್ನೊಂದನ್ನು ಕಂಬಸಾಲಾಗಿ ಬರೆದಿದ್ದರಿಂದ ಯಂತ್ರ ಒಪ್ಪಲಿಲ್ಲ.

“ಏನ್ ಸ್ವಾಮಿ, ಮೂರ್ ಅಂಕಿ ಕೂಡಕ್ಕೆ ಬರಲ್ವಾ ನಿಮ್ ಮಿಷನ್‌ಗೆ?” ಎಂದು ಅತಿಥಿಗಳು ನಕ್ಕರು.

ಹಿಂದೆ ನಿಂತಿದ್ದ ಮೇಷ್ಟ್ರು ಮುಂದೆ ಬಂದು, ಒಂದೇ ಆಜ್ಞೆಯಿಂದ ಕಂಬಸಾಲನ್ನು ಅಡ್ಡಸಾಲಾಗಿಸಿದರು. ಉತ್ತರ ಬಂತು. ಚಪ್ಪಾಳೆ ಕಾರ್ಯದರ್ಶಿಗಳಿಗೆ ಬಿತ್ತು.

ಭಾವಚಿತ್ರಕ್ಕೆಂದು ಎಲ್ಲರೂ ಅಂಗಳದಲ್ಲಿ ಸಾಲಾಗಿ ನಿಂತೆವು. “ಮೇಷ್ಟ್ರೆ, ನೀವ್ ಒಳಗೇ ಇರಿ, ಮಿಷನ್ ನೋಡ್ಕೊಳ್ಳಿ” ಎಂದರು ಕಾರ್ಯದರ್ಶಿಗಳು.

“ಅವರೂ ಬರಲಿ” ಎಂದೆ ನಾನು.

“ಆಮೇಲೆ ಇನ್ನೊಂದು ತೆಗ್ಸೋಣ ಬಿಡ್ರೀ.”

ತೆಗೆಸಲಿಲ್ಲ. ಕಿಟಕಿಯ ಆಚೆ ಅವರು ಪೆನ್ನನ್ನು ಮೇಜಿನ ಮೇಲೆ ಅಡ್ಡ ಇಟ್ಟುಕೊಂಡು ಕುಳಿತಿದ್ದರು, ಎತ್ತಿ ನಿಲ್ಲಿಸಲಿಲ್ಲ.

ಆ ಚಿತ್ರ ಇಂದಿಗೂ ಪ್ರಾಂಶುಪಾಲರ ಕೊಠಡಿಯಲ್ಲಿ ತೂಗುತ್ತಿದೆ. ಅದರಲ್ಲಿ ಎದೆಯುಬ್ಬಿಸಿ ನಿಂತ ಮಹನೀಯರೇ, ಅವರೊಬ್ಬರು ಬಂದು ನಿಂತಿದ್ದರೆ ನಿಮ್ಮಲ್ಲಿ ಯಾರ ಜಾಗ ಕಡಿಮೆಯಾಗುತ್ತಿತ್ತು?