ಮುಚ್ಚಳದ ಪಿನ್ನು

ಬಸಪ್ಪಾ, ನಿನ್ನ ಬಲಗೈಯ ನಾಲ್ಕು ಬೆರಳು ಹೋದದ್ದು ನನ್ನ ತಪ್ಪಿನಿಂದ. ಅದು ನನಗೆ ಮರುದಿನವೇ ಗೊತ್ತಾಗಿತ್ತು. ಗೊತ್ತಿದ್ದೂ ತಪ್ಪನ್ನು ನಿನ್ನ ತಲೆಗೆ ಕಟ್ಟಿದೆ — ಇಷ್ಟನ್ನು ಬರೆಯಲು ಹದಿನೈದು ವರ್ಷ ಬೇಕಾಯಿತು.

ಕಾಪುವಿನ ಐಸ್ ಪ್ಲಾಂಟಿನಲ್ಲಿ ಮಂಜುಗಡ್ಡೆ ಪುಡಿ ಮಾಡುವ ಯಂತ್ರವನ್ನು ನೀನು ನಡೆಸುತ್ತಿದ್ದೆ. ಅದಕ್ಕೆ ಕಂಟ್ರೋಲ್ ಬೋರ್ಡು ಕೂರಿಸಿದವನು ನಾನು, ಮಣಿಪಾಲದ ಸಣ್ಣ ಕಾರ್ಖಾನೆಯ ಶೇಖರ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಬೆಳ್ಮಣ್ಣಿನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಬೆಸುಗೆ ಕಲಿತವನು. ಡಿಗ್ರಿಯವರ ನಡುವೆ ಕುಳಿತು ಅವರ ಕಂಪ್ಯೂಟರ್ ಫೈಲುಗಳನ್ನೂ ಬರೆಯುವಷ್ಟಾಗಿದ್ದೆ. ಆ ಹೆಮ್ಮೆ — ಅದನ್ನೇ ಹೇಳಬೇಕು.

ನಿನಗೆ ತಿಳಿಯುವ ಹಾಗೆ ಹೇಳುತ್ತೇನೆ. ಬೋರ್ಡಿನ ಕಂಪ್ಯೂಟರಿಗೆ ತನ್ನ ಯಾವ ಪಿನ್ನಿಗೆ ಏನು ಸಿಕ್ಕಿಸಿದ್ದಾರೆಂದು ತಾನಾಗಿ ಗೊತ್ತಿರುವುದಿಲ್ಲ. ಇದು ಮೋಟಾರು, ಇದು ಮುಚ್ಚಳದ ಸ್ವಿಚ್ಚು ಎಂದು ಒಂದು ಫೈಲಿನಲ್ಲಿ ಬರೆದು ಕೊಡಬೇಕು. ಡಿವೈಸ್ ಟ್ರೀ ಎನ್ನುತ್ತಾರೆ. ಮುಚ್ಚಳದ ಪಿನ್ನಿಗೆ ಇನ್ನೂ ಒಂದು ಮಾತು ಸೇರಿಸಬೇಕಿತ್ತು — ಪುಲ್‌ಅಪ್. ಮುಚ್ಚಳ ತೆರೆದಾಗ ಆ ಪಿನ್ನನ್ನು ಮೇಲಕ್ಕೆ ಎಳೆದು ಹಿಡಿಯುವ ಮಾತು ಅದು. ಹಿಡಿಯದಿದ್ದರೆ ಪಿನ್ನು ಅತಂತ್ರ. ಒಂದು ಗಳಿಗೆ ಮುಚ್ಚಳ ತೆರೆದಿದೆ ಎನ್ನುತ್ತದೆ, ಇನ್ನೊಂದು ಗಳಿಗೆ ಮುಚ್ಚಿದೆ ಎನ್ನುತ್ತದೆ. ಮುಚ್ಚಿದೆ ಎಂದರೆ ಯಂತ್ರ ತಿರುಗುತ್ತದೆ.

ನಾನು ಅದನ್ನು ಬರೆಯಲಿಲ್ಲ. ಹಳೆಯ ಫೈಲಿನ ಸಾಲನ್ನು ನಕಲು ಮಾಡಿ ಪಿನ್ನಿನ ನಂಬರು ಮಾತ್ರ ಬದಲಿಸಿದೆ. ಹಳೆಯ ಬೋರ್ಡುಗಳಲ್ಲಿ ಆ ಎಳೆತಕ್ಕೆ ರೆಸಿಸ್ಟರ್ ಎಂಬ ಒಂದು ಪುಟ್ಟ ಬಿಡಿಭಾಗವೇ ಇರುತ್ತಿತ್ತು, ಫೈಲಿನಲ್ಲಿ ಬರೆಯುವ ಅಗತ್ಯವಿರಲಿಲ್ಲ. ನನ್ನ ಮೇಜಿನ ಪರೀಕ್ಷೆಯ ಬೋರ್ಡಿಗೂ ಕೈಯ ಅಭ್ಯಾಸದಲ್ಲಿ ಒಂದನ್ನು ಬೆಸೆದುಬಿಟ್ಟಿದ್ದೆ. ಅಲ್ಲಿ ಎಲ್ಲವೂ ಸರಿಯಾಗಿ ನಡೆಯಿತು. ನಿಮ್ಮಲ್ಲಿಗೆ ಕಳಿಸಿದ ಹೊಸ ಬೋರ್ಡಿನಲ್ಲಿ ರೆಸಿಸ್ಟರ್ ಇರಲಿಲ್ಲ.

ಕಳಿಸುವ ಮುಂಚೆ ನಮ್ಮ ಇಂಜಿನಿಯರ್, ಕಾರ್ಕಳದ ಶೈಲಜಾ ಮೇಡಂ ಕೇಳಿದ್ದರು.

"ಶೇಖರಣ್ಣ, ಮುಚ್ಚಳದ ಪಿನ್ನಿಗೆ ಪುಲ್‌ಅಪ್ ಬರೆದಿದ್ದೀರಲ್ವಾ? ಒಮ್ಮೆ ನೋಡ್ತೇನೆ."

"ಎಂತ ನೋಡ್ಲಿಕ್ಕೆ ಉಂಟು ಮೇಡಂ? ಏಳನೇ ಕ್ಲಾಸಿನವ ಬರೆದದ್ದು ಅಂತಲಾ? ಬರೆದಿದ್ದೇನೆ."

ಅವರು ಮುಖ ಸಣ್ಣದು ಮಾಡಿಕೊಂಡು ಹೋದರು. ನಾನು ಗೆದ್ದೆ ಎಂದುಕೊಂಡೆ. ಬರೆದಿಲ್ಲವೆಂದು ಗೊತ್ತಿತ್ತು — ಆದರೂ ಮೇಜಿನ ಪರೀಕ್ಷೆಯಲ್ಲಿ ನಿಲ್ಲುತ್ತದಲ್ಲ, ಇನ್ನೇನು ಬೇಕು ಎಂಬ ಸೊಕ್ಕು. ಕಾಪುವಿನಲ್ಲಿ ನಿನ್ನ ಎದುರೇ ಮೂರು ಸಲ ಮುಚ್ಚಳ ತೆರೆದು ತೋರಿಸಿದೆ. ಮೂರು ಸಲವೂ ನಿಂತಿತು. ಅದೃಷ್ಟ ಕೆಟ್ಟದ್ದು ಅಲ್ಲಿಯೇ.

ಆರನೆಯ ವಾರ ಮಂಜುಗಡ್ಡೆ ಸಿಕ್ಕಿಕೊಂಡಿತು. ನೀನು ಮುಚ್ಚಳ ತೆರೆದೆ, ಯಂತ್ರ ನಿಂತಿತು, ಕೈ ಹಾಕಿದೆ. ಆಮೇಲೆ —

ಮರುದಿನ ನನ್ನನ್ನು ಕರೆಸಿದರು. ಪ್ಲಾಂಟುಗಳಲ್ಲಿ ಮುಚ್ಚಳ ತೆರೆದರೂ ಯಂತ್ರ ನಿಲ್ಲಬಾರದೆಂದು ಮುಚ್ಚಳದ ಸ್ವಿಚ್ಚನ್ನು ಬಲೆಯ ದಾರದಿಂದ ಬಿಗಿದು ಕಟ್ಟಿಡುವ ಚಾಳಿ ಉಂಟು. ಯಂತ್ರದ ಬಳಿ ಹೋದಾಗ ನಾನು ಮೊದಲು ಹುಡುಕಿದ್ದು ಆ ದಾರವನ್ನು. ಇರಲಿ ದೇವರೇ ಎಂದು ಹುಡುಕಿದೆ. ಇರಲಿಲ್ಲ. ಮುಚ್ಚಳದ ಪಿನ್ನಿಗೆ ಮೀಟರ್ ಹಿಡಿದೆ, ಮುಳ್ಳು ಆ ಕಡೆ ಈ ಕಡೆ ತೂಗಿತು. ಲ್ಯಾಪ್‌ಟಾಪಿನಲ್ಲಿ ಫೈಲು ತೆರೆದೆ. ಆ ಒಂದು ಸಾಲು ಸೇರಿಸಲು ಎರಡು ನಿಮಿಷವೂ ಹಿಡಿಯಲಿಲ್ಲ.

ಪ್ಲಾಂಟಿನ ಯಜಮಾನರು ಹಿಂದೆ ಬಂದು ನಿಂತರು. "ಎಷ್ಟು ಹೇಳಿದರೂ ಅಷ್ಟೇ ಮಾರಾಯ, ಸ್ವಿಚ್ಚು ಕಟ್ಟಿಯೇ ಇಡುವುದು ಇವರು. ಕಟ್ಟಿತ್ತು ಅಲ್ವಾ?"

"ಹೌದು," ಎಂದೆ. "ಕಟ್ಟಿತ್ತು. ನಾನೇ ಬಿಚ್ಚಿದೆ."

ಅವರು ಕೇಳಿದ್ದು ಒಂದು ಮಾತು. ಎರಡನೆಯದನ್ನು ನಾನಾಗಿ ಸೇರಿಸಿದೆ. ನಿನ್ನನ್ನು ಕೆಲಸದಿಂದ ತೆಗೆದರು.

ಹೋದ ತಿಂಗಳು ಕಟಪಾಡಿಯ ಬಸ್ ಸ್ಟ್ಯಾಂಡಿನಲ್ಲಿ ನೀನೇ ನನ್ನ ಗುರುತು ಹಿಡಿದೆ. ಎಡಗೈಯಲ್ಲಿ ಚಹಾದ ಲೋಟ ಹಿಡಿದು ನಕ್ಕೆ. ನಾನು ಕೇಳದಿದ್ದರೂ ನೀನೇ ಹೇಳಿದೆ: "ಮೊದಲ ನಾ ಕಟ್ಟಿಲ್ಲ, ಕಟ್ಟಿಲ್ಲ ಅಂತಿದ್ದೆ ಅಣ್ಣಾರ. ಎಲ್ಲಾರೂ ಕಟ್ಟಿದ್ದಿ ಅಂದ್ರು. ನನ್ನ ಹೇಣ್ತಿನೂ ಅಂದ್ಲು. ಈಗ ನನಗೂ ಕಟ್ಟಿದ್ನೇನೋ ಅನಸ್ತೈತ್ರಿ. ಕೈಯಾಗ ದಾರ ಹಿಡದಂಗ ನೆನಪು ಬರ್ತೈತಿ."

ಉಡುಪಿಯ ಬಸ್ಸು ಬಂತು, ಹತ್ತಿಬಿಟ್ಟೆ.

ಬೆರಳು ಹೋದದ್ದು ಸಾಲದೆಂದು, ನೀನು ಮಾಡದ ಕೆಲಸವನ್ನು ನಿನ್ನ ನೆನಪಿನೊಳಕ್ಕೂ ಹೊಗಿಸಿದೆ. ನಿನಗೆ ಓದಲು ಬಾರದು, ಅದು ನನಗೆ ಗೊತ್ತು. ಆದ್ದರಿಂದ ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ನಿನ್ನ ಮನೆಗೆ ಬಂದು, ನಿನ್ನ ಹೆಂಡತಿಯನ್ನೂ ಎದುರಿಗೆ ಕೂರಿಸಿಕೊಂಡು, ನಾನೇ ಓದುತ್ತೇನೆ. ಓದಿ ಮುಗಿಸುವವರೆಗೆ ಚಹಾ ಕೊಡಬೇಡಿ.