ಚೀಲದಲ್ಲೇ ಉಳಿದ ಡಬ್ಬಿ

ರಂಜಾನ್ ಹಬ್ಬದ ಮರುದಿನ, ಭಾನುವಾರ. ಬೆಳಿಗ್ಗೆ ಹನ್ನೊಂದೂವರೆಗೆ ನಾನು ಮತ್ತು ಎಂಟು ವರ್ಷದ ಮಗಳು ಸಿರಿ ಜೀವನ್ ಬಿಮಾ ನಗರದ ಸ್ಟಾಪಿನಲ್ಲಿ ಶಿವಾಜಿನಗರದ ಬಸ್ಸಿಗೆ ಕಾದು ನಿಂತೆವು. ದೂರ ಸುಮಾರು ಎಂಟು ಕಿಲೋಮೀಟರ್. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ನಮ್ಮನ್ನು ಊಟಕ್ಕೆ ಕರೆದವನು ರಫೀಕ್. ನಾನು ಸುದ್ದಿ ತಿದ್ದುವ ಪತ್ರಿಕೆಯಲ್ಲಿ ಅವನು ಪುಟ ಕಟ್ಟುತ್ತಾನೆ. ಹನ್ನೆರಡು ವರ್ಷದಿಂದ ಅಕ್ಕಪಕ್ಕ ಕೂರುತ್ತೇವೆ. ಅವನ ಮನೆಗೆ ನಾನು ಒಮ್ಮೆಯೂ ಹೋಗಿರಲಿಲ್ಲ.

ಸಿರಿಗೆ ಗೋಡಂಬಿ ಆಗುವುದಿಲ್ಲ, ಕಡಲೆಬೀಜವೂ ಆಗುವುದಿಲ್ಲ. ತಿಂದರೆ ಮೈಯೆಲ್ಲ ದದ್ದೇಳುತ್ತದೆ, ತುಟಿ ಊದುತ್ತದೆ, ಉಸಿರು ಕಟ್ಟುತ್ತದೆ. ಮೂರು ವರ್ಷದವಳಿದ್ದಾಗ ಒಮ್ಮೆ ಹಾಗಾಗಿತ್ತು. ಅಂದಿನಿಂದ ಎಲ್ಲಿಗೆ ಹೊರಟರೂ ಮನೆ ಊಟದ ಡಬ್ಬಿ, ಅಲರ್ಜಿಯ ಸಿರಪ್, ಯಾವ ಇಂಜೆಕ್ಷನ್ ಕೊಡಬೇಕೆಂದು ಡಾಕ್ಟರ್ ಬರೆದ ಚೀಟಿ ಒಂದೇ ಚೀಲದಲ್ಲಿ ನಮ್ಮ ಜೊತೆ ಬರುತ್ತವೆ. ಹೆಂಡತಿ ಭಾಗ್ಯ ಕೆ.ಆರ್. ಪುರದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅಂದು ಅವಳಿಗೆ ಡ್ಯೂಟಿ ಇತ್ತು. ಕಡಲೆಬೀಜ ಹಾಕದ ಚಿತ್ರಾನ್ನವನ್ನು ಡಬ್ಬಿಗೆ ತುಂಬಿ, "ಹೋದ ತಕ್ಷಣ ಅವರಿಗೆ ಹೇಳ್ಬಿಡಿ ರೀ. ಸಂಕೋಚ ಪಟ್ಕೊಂಡು ಕೂತ್ಕೋಬೇಡಿ," ಎಂದು ಎರಡು ಸಲ ಹೇಳಿ ಹೋಗಿದ್ದಳು.

ಬಸ್ಸು ಅರ್ಧ ಖಾಲಿ ಇತ್ತು. "ಪಾಪೂಗೆ ಫ್ರೀ, ನಿಮಗೆ ಹದಿನೆಂಟು. ಗಂಡಸಾಗಿ ಹುಟ್ಟಿದ ತಪ್ಪಿಗೆ ಕೊಡಿ ಸಾರ್," ಎಂದ ಕಂಡಕ್ಟರ್. ಸಿರಿ ತನ್ನ ಸೊನ್ನೆ ರೂಪಾಯಿಯ ಟಿಕೆಟ್ಟನ್ನು ನನ್ನ ಮುಖಕ್ಕೆ ಹಿಡಿದು ನಕ್ಕಳು. ಇಂದಿರಾನಗರ ದಾಟಿ ಹಲಸೂರಿಗೆ ಬರುವಷ್ಟರಲ್ಲಿ ಅವಳು ಕೇಳಿದ್ದು ಒಂದೇ ಪ್ರಶ್ನೆ, ಮೂರು ಸಲ: "ರಫೀಕ್ ಅಂಕಲ್ ಮನೇಲಿ ಬೆಕ್ಕು ಇದ್ಯಾ?"

ನನ್ನ ತಲೆಯಲ್ಲಿ ಡಬ್ಬಿ ಕೂತಿತ್ತು. ನಮ್ಮಜ್ಜಿ ಬೇರೆ ಜಾತಿಯವರ ಮನೆಗೆ ಹೋಗಬೇಕಾಗಿ ಬಂದರೆ ಸೆರಗಿನಲ್ಲಿ ಅವಲಕ್ಕಿ ಕಟ್ಟಿಕೊಂಡು ಹೋಗುತ್ತಿದ್ದಳು. ಯಾಕೆಂದು ಅವಳು ಹೇಳುತ್ತಿರಲಿಲ್ಲ, ಅವರು ಕೇಳುತ್ತಿರಲಿಲ್ಲ, ಇಬ್ಬರಿಗೂ ಗೊತ್ತಿರುತ್ತಿತ್ತು. ನಾವು ಮಾಂಸ ತಿನ್ನುವುದಿಲ್ಲವಾದ್ದರಿಂದ ರಫೀಕ್ ಹಿಂದಿನ ವಾರವೇ, "ನಿಮಗೆ ಅಂತ ಹೊಸ ಪಾತ್ರೇಲಿ ಬೇರೆ ಮಾಡಿಸ್ತೀನಿ ಗುರು, ಟೆನ್ಷನ್ ಬೇಡ," ಎಂದಿದ್ದ. ಹೊಸ ಪಾತ್ರೆ ಎಂಬ ಮಾತಿಗೆ ನಾನು ಕುಗ್ಗಿಹೋಗಿದ್ದೆ. ಅದೂ ಸಾಲದೆಂದು, ಹನ್ನೆರಡು ವರ್ಷದ ಮೇಲೆ ಮೊದಲ ಸಲ ಮುಸ್ಲಿಂ ಗೆಳೆಯನ ಮನೆಗೆ ಹೋಗಿ ಅಲ್ಲಿ ಸ್ವಂತ ಡಬ್ಬಿ ಬಿಚ್ಚುವುದೆ? ಅಲರ್ಜಿ ಎಂದರೆ ನಂಬುತ್ತಾರೆಯೆ? ಬಸ್ಸು ಶಿವಾಜಿನಗರ ನಿಲ್ದಾಣ ಮುಟ್ಟುವ ಹೊತ್ತಿಗೆ, ಡಬ್ಬಿ ತೆಗೆಯುವುದು ಬೇಡ ಎಂದು ತೀರ್ಮಾನಿಸಿದ್ದೆ. ಕಣ್ಣಿಟ್ಟು ನೋಡಿಕೊಂಡರಾಯಿತು ಎಂದುಕೊಂಡೆ.

ನಿಲ್ದಾಣದಿಂದ ಅವರ ಗಲ್ಲಿಗೆ ಹತ್ತು ನಿಮಿಷದ ನಡಿಗೆ. ಹಬ್ಬದ ಗುಂಗಿನಲ್ಲಿ ಅರ್ಧಕ್ಕರ್ಧ ಅಂಗಡಿ ಬಾಗಿಲು ತೆರೆದಿರಲಿಲ್ಲ. ಮೊದಲ ಮಹಡಿಯ ಮನೆ, ಬಾಗಿಲಲ್ಲಿ ಚಪ್ಪಲಿಗಳ ಸಾಲು. ಅವುಗಳ ಪಕ್ಕದಲ್ಲೇ ನಾನು ಚೀಲವನ್ನೂ ಇಟ್ಟೆ. ಸಿರಪ್ಪು, ಚೀಟಿ ಅದರೊಳಗೇ ಇದ್ದವು.

ರಫೀಕನ ಹೆಂಡತಿ ನಸೀಮಾ ಭಾಭಿ ಸಿರಿಯ ಕೆನ್ನೆ ಹಿಂಡಿ ಒಳಗೆ ಕರೆದುಕೊಂಡರು. ಬೆಕ್ಕು ಇರಲಿಲ್ಲ. "ಬೆಕ್ಕು ಯಾಕೆ ಬೇಟಾ, ಮೀನಿನ ತಲೆ ತಿನ್ನೋಕೆ ನಮ್ಮನೆಯವರೇ ಇದಾರಲ್ಲ," ಎಂದು ಗಂಡನನ್ನು ತೋರಿಸಿದರು. ರಫೀಕ್ "ಮ್ಯಾಂವ್" ಎಂದ. ಸಿರಿಯ ಸಂಕೋಚ ಅಲ್ಲೇ ಬಿಟ್ಟುಹೋಯಿತು.

ನೆಲಕ್ಕೆ ಬಟ್ಟೆ ಹಾಸಿ ಊಟಕ್ಕೆ ಕೂತೆವು. ಮೊದಲು ಬಂದದ್ದು ಶೀರ್ ಖುರ್ಮಾ, ಹಾಲಿನಲ್ಲಿ ಬೇಯಿಸಿದ ಶಾವಿಗೆ. ಮೇಲೆ ಗೋಡಂಬಿ ತೇಲುತ್ತಿತ್ತು. "ಇವಳು ಸಿಹಿ ಮುಟ್ಟಲ್ಲ ಭಾಭಿ," ಎಂದು ಬಟ್ಟಲನ್ನು ನನ್ನ ಕಡೆ ಎಳೆದುಕೊಂಡೆ. ಸಿರಿ ನನ್ನನ್ನು ನೋಡಿದಳು. ಅವಳಿಗೆ ಸಿಹಿ ಎಂದರೆ ಪ್ರಾಣ. ಆಮೇಲೆ ತುಪ್ಪದನ್ನ, ತರಕಾರಿಯ ಬಿಳಿ ಕುರ್ಮಾ. ಭಾಭಿ ಅವಳ ತಟ್ಟೆಗೆ ಎರಡು ಸೌಟು ಬಡಿಸಿದರು. ಸಿರಿ ನನ್ನ ಕಿವಿಗೆ ಬಾಯಿಟ್ಟು, "ಅಪ್ಪ, ಇದ್ರಲ್ಲಿ ಗೋಡಂಬಿ ಇದ್ಯಾ?" ಎಂದಳು.

ಭಾಭಿ ಎರಡು ಅಡಿ ದೂರದಲ್ಲಿದ್ದರು. ಅವರನ್ನು ಕೇಳಿದರೆ ಮುಗಿಯುತ್ತಿತ್ತು. ವರದಿಗಾರ ಕಳಿಸಿದ ಊರಿನ ಹೆಸರನ್ನೂ ಫೋನ್ ಮಾಡಿ ಕೇಳದೆ ಪುಟಕ್ಕೆ ಬಿಡುವವನಲ್ಲ ನಾನು. ಚಮಚದಿಂದ ಕುರ್ಮಾ ಕೆದಕಿದೆ. ಚೂರುಗಳು ಕಾಣಲಿಲ್ಲ.

"ಇಲ್ಲ, ತಿನ್ನು," ಎಂದೆ.

ನಾಲ್ಕೈದು ತುತ್ತಾಗಿರಬೇಕು. "ಅಪ್ಪ, ನಾಲಿಗೆ ಚುಚ್ತಿದೆ," ಎಂದಳು. ನೋಡನೋಡುತ್ತಿದ್ದಂತೆ ಮೇಲ್ದುಟಿ ದಪ್ಪವಾಯಿತು. ಕೆಮ್ಮು ಶುರುವಾಯಿತು.

"ಭಾಭಿ, ಇದರಲ್ಲಿ ಗೋಡಂಬಿ ಇದೆಯಾ?" ಎಂದು ಆಗ ಕೇಳಿದೆ.

"ಇದೆಯಲ್ಲಾ ಭಾಯಿ, ಅರೆದು ಹಾಕಿದೀನಿ. ಮಟನ್ ಇಲ್ದೆ ನಿಮಗೆ ಸಪ್ಪೆ ಅನ್ನಿಸ್ಬಾರ್ದು ಅಂತ ಒಂದು ಹಿಡಿ ಜಾಸ್ತೀನೇ ಹಾಕ್ದೆ. ಯಾಕೆ?"

ನಾನು ಬಾಗಿಲಿಗೆ ಓಡಿ ಚೀಲ ತಲೆಕೆಳಗು ಮಾಡಿದೆ. ಡಬ್ಬಿ ಉರುಳಿ ಮುಚ್ಚಳ ಬಿಚ್ಚಿತು, ಚಿತ್ರಾನ್ನ ಚಪ್ಪಲಿಗಳ ಮೇಲೆ ಚೆಲ್ಲಿತು. ಸಿರಪ್ ಕುಡಿಸಿದೆ, ಅವಳು ವಾಂತಿ ಮಾಡಿಕೊಂಡಳು. ರಫೀಕ್ ಕೆಳಗೆ ಓಡಿ ಆಟೋ ತಡೆದ. ಭಾಭಿ ಸಿರಿಯನ್ನು ಎತ್ತಿಕೊಂಡು ಬರಿಗಾಲಿನಲ್ಲೇ ಇಳಿದರು. ಆಟೋದಲ್ಲಿ ಅವಳ ಉಸಿರು ಸೀಟಿ ಹೊಡೆಯುತ್ತಿತ್ತು. ಆಸ್ಪತ್ರೆ ಒಂದೂವರೆ ಕಿಲೋಮೀಟರ್ ಇದ್ದಿರಬಹುದು. ನರ್ಸ್ ಚೀಟಿ ಓದಿ, ಬೇರೇನೂ ಕೇಳದೆ ತೊಡೆಗೆ ಇಂಜೆಕ್ಷನ್ ಚುಚ್ಚಿದರು. ಆಗ ಎರಡು ಗಂಟೆ ಹತ್ತು ನಿಮಿಷ. ಎರಡೂವರೆಗೆ ಸಿರಿ ಸಲೀಸಾಗಿ ಉಸಿರಾಡುತ್ತಿದ್ದಳು. ರಾತ್ರಿವರೆಗೆ ಇಲ್ಲೇ ಇರಲಿ, ಅಲರ್ಜಿ ಮತ್ತೆ ತಿರುಗಿ ಬರಬಹುದು ಎಂದರು ಡಾಕ್ಟರ್.

ಭಾಗ್ಯ ಕೆ.ಆರ್. ಪುರದಿಂದ ಎಂ.ಜಿ. ರಸ್ತೆವರೆಗೆ ಮೆಟ್ರೋದಲ್ಲಿ, ಅಲ್ಲಿಂದ ಆಟೋದಲ್ಲಿ ಬಂದಳು. ಅವಳು ವಾರ್ಡಿಗೆ ಕಾಲಿಡುತ್ತಲೇ ಭಾಭಿ ಎದ್ದು ಅವಳ ಕೈ ಹಿಡಿದುಕೊಂಡರು. "ತಪ್ಪು ನಂದಮ್ಮ. ಮಗೂಗೆ ಏನಾಗುತ್ತೆ, ಏನಾಗಲ್ಲ ಅಂತ ಬಡಿಸೋ ಮುಂಚೆ ನಾನೇ ಕೇಳ್ಬೇಕಿತ್ತು."

ನಾನು ಮಂಚದ ಆಚೆ ನಿಂತಿದ್ದೆ. ಅವರ ಮಾತು ಸುಳ್ಳೆಂದು ಗೊತ್ತಿದ್ದವನು ನಾನೊಬ್ಬನೇ ಎಂದುಕೊಂಡಿದ್ದೆ. ಬಾಯಿ ತೆರೆಯಲಿಲ್ಲ. ಯಾರೂ ಗದರದೆ ಸಂಜೆಯಾಗಿಬಿಡಬಹುದು ಎಂದು ಒಂದು ಕ್ಷಣ ಆಸೆಯಾಯಿತು. ಇದನ್ನೂ ಬರೆದಿಡಬೇಕು.

"ನಾನು ಕೇಳ್ದೆ ಅಮ್ಮ," ಎಂದಳು ಸಿರಿ, ಊದಿದ ತುಟಿಯಲ್ಲಿ. "ಅಪ್ಪ ಇಲ್ಲ ಅಂದ್ರು."

ಭಾಗ್ಯ ನನ್ನ ಕಡೆ ತಿರುಗಲಿಲ್ಲ. ತಿರುಗಿದವರು ಭಾಭಿ. "ಡಬ್ಬಿ ತಂದಿದ್ರಿ. ಯಾಕೆ ತೆಗೀಲಿಲ್ಲ?"

ಹೇಳಿದೆ. ನಮ್ಮ ಮನೆಯಲ್ಲಿ ಉಣ್ಣಲು ಒಲ್ಲದೆ ನೆಪ ಹೇಳುತ್ತಿದ್ದಾನೆ ಎಂದು ನೀವು ಅಂದುಕೊಂಡೀರಿ ಎಂದು ಹೆದರಿದೆ, ಎಂದೆ. ವಾರ್ಡಿನಲ್ಲಿ ಬಾಯಿಬಿಟ್ಟು ಹೇಳಿದಾಗ ಆ ಕಾರಣ ಬಸ್ಸಿನಲ್ಲಿ ಅನ್ನಿಸಿದ್ದಷ್ಟು ಘನವಾಗಿರಲಿಲ್ಲ.

ಭಾಭಿ ಸಿರಿಯ ಹೊದಿಕೆ ಎಳೆದು ಸರಿಮಾಡಿದರು. "ನಮ್ಮ ಅತ್ತೆಗೆ ಶುಗರ್, ಅವರಿಗೆ ಬೇರೆ ಮಾಡ್ತೀನಿ. ಇವರಿಗೆ ಬಿಪಿ, ಉಪ್ಪಿಲ್ದೆ ಬೇರೆ ಮಾಡ್ತೀನಿ. ನಿಮಗೆ ಅಂತ ಪಾತ್ರೆನೇ ಬೇರೆ ತಂದೆ. ಒಂದು ಮಗೂಗೆ ಗೋಡಂಬಿ ಬಿಟ್ಟು ಮಾಡೋಷ್ಟು ಬುದ್ಧಿ ನನಗಿಲ್ಲ ಅಂದ್ಕೊಂಡ್ರಾ ಭಾಯಿ?"

ರಫೀಕ್, "ಬಿಡು ನಸೀಮಾ," ಎಂದ. "ಬಿಟ್ಟೆ," ಎಂದರು ಅವರು. ರಫೀಕನ ದೊಡ್ಡ ಚಪ್ಪಲಿಯನ್ನೇ ಮೆಟ್ಟಿಕೊಂಡು ನೀರು ತರಲು ಹೊರಟರು. ಅವರು ನನ್ನನ್ನು ಅಳೆದಾರು ಎಂದು ಹೆದರಿದ ನಾನು, ಅದಕ್ಕೆ ಮೊದಲೇ ಅವರನ್ನು ಅಳೆದು ಮುಗಿಸಿದ್ದೆ ಎಂಬುದು ನನಗೆ ಹೊಳೆದದ್ದು ಆಗ.

ಎಂಟು ಗಂಟೆಗೆ ಮನೆಗೆ ಹೋಗಲು ಬಿಟ್ಟರು. ಆಟೋಗೆ ನೂರ ಎಂಬತ್ತು ಕೊಟ್ಟು ಹಲಸೂರು ಕೆರೆಯ ಪಕ್ಕದಿಂದ ವಾಪಸಾದೆವು. ಸಿರಿ ಅಮ್ಮನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಭಾಗ್ಯ ದಾರಿಯುದ್ದಕ್ಕೂ ನನಗೆ ಹೇಳಿದ್ದು, "ಎಡಕ್ಕೆ ಅಂತ ಹೇಳಿ," ಎಂದಷ್ಟೇ.

ಮನೆಗೆ ಬಂದು ಅವಳು ಸ್ನಾನಕ್ಕೆ ಹೋದಳು. ಸಿರಿಗೆ ಹಸಿವಾಗಿತ್ತು. ನಾನೇ ಅನ್ನ ಬೇಯಿಸಿ, ತಿಳಿಸಾರು ಮಾಡಿ, ಕಲಸಿ ತಟ್ಟೆ ಮುಂದಿಟ್ಟೆ. ಅವಳು ಚಮಚ ಎತ್ತಿದಳು, ಮತ್ತೆ ಇಳಿಸಿದಳು.

"ಇದ್ರಲ್ಲಿ ಏನಿದೆ?"

"ಅನ್ನ, ಬೇಳೆ, ಟೊಮ್ಯಾಟೊ, ಸಾರಿನ ಪುಡಿ. ಬೇರೇನೂ ಇಲ್ಲ ಕಂದ. ತಿನ್ನು."

ಅವಳು ಸಿಟ್ಟು ಮಾಡಲಿಲ್ಲ. ತಟ್ಟೆಯನ್ನು ತನ್ನ ಮುಂದೆಯೇ ಇಟ್ಟುಕೊಂಡು, ನೀರಿನ ಸದ್ದು ಬರುತ್ತಿದ್ದ ಬಚ್ಚಲಿನ ಕಡೆ ತಿರುಗಿ ಕೂತಳು.

"ಅಮ್ಮ ಬಂದು ಹೇಳ್ಲಿ," ಎಂದಳು.