ಪ್ಯಾರಾಶೂಟಿಗೆ ವಿಮಾನದ ನಂಬರು

ಸ್ಟೂಲು ಹತ್ತಿ ಫ್ಯಾನ್ ಒರೆಸುವಾಗ ಹೆಂಡತಿ ಕೆಳಗೆ ಸ್ಟೂಲು ಹಿಡಿದುಕೊಂಡಿರಬೇಕು. ಅಂಥ ಧೈರ್ಯವಂತ ನಾನು. ಅಂಥವನು ಬಂಡೆಯ ತುದಿಯಿಂದ ಹಾರಲು ಅನುಮತಿ ಕೇಳಿಕೊಂಡು ಸರಕಾರಿ ಕಚೇರಿಗೆ ಹೋದದ್ದು ಅಕ್ಕನ ಮಗಳು ಶ್ರಾವ್ಯಾಳ ದೆಸೆಯಿಂದ.

ಊರು ಉಡುಪಿಯಾದರೂ ಶ್ರಾವ್ಯಾ ಮುಂಬಯಿ ಪಕ್ಕದ ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು, ಎಂಜಿನಿಯರು. ಪ್ಯಾರಾಶೂಟ್ ಕಟ್ಟಿಕೊಂಡು ಹಾರುವುದನ್ನು ಕ್ರಮವಾಗಿ ಕಲಿತವಳು. ಮೊದಲು ವಿಮಾನದಿಂದ, ಆಮೇಲೆ ಬಂಡೆಗಳಿಂದ. ಖಾರಘರದ ನಮ್ಮ ಬಾಲ್ಕನಿಯಿಂದ ಕಾಣುವ ಗುಡ್ಡದ ಕಡಿದಾದ ಅಂಚಿನ ಮೇಲೆ ಅವಳ ಕಣ್ಣು ಬಿತ್ತು. ಗುಡ್ಡವೋ ಸರಕಾರಿ ಉದ್ಯಾನ.

"ಕದ್ದು ಹಾರೋದು ಬೇಡ ಮಾವ, ಪರ್ಮಿಶನ್ ತಗೊಂಡೇ ಹಾರ್ತೇನೆ" ಎಂದಳು. ಕಾನೂನನ್ನು ನಂಬುವವರು ನಮ್ಮ ಮನೆಯಲ್ಲೂ ಒಬ್ಬರಿದ್ದಾರೆಂಬ ಹೆಮ್ಮೆಯಲ್ಲಿ ನಾನೂ ಜೊತೆಗೆ ಹೊರಟೆ.

ಉದ್ಯಾನದ ಕಚೇರಿಯ ಸಾಹೇಬರು ಅರ್ಜಿಯನ್ನು ಎರಡು ಸಲ ಓದಿ, "ವಿಮಾನ್ ಕಾ ನಂಬರ್ ಕಹಾಂ ಹೈ?" ಎಂದರು. ವಿಮಾನವೇ ಇಲ್ಲವೆಂದಳು ಶ್ರಾವ್ಯಾ. ವಿಮಾನವಿಲ್ಲದ ಪ್ಯಾರಾಶೂಟಿಗೆ ಅವರಲ್ಲಿ ಫಾರ್ಮು ಇರಲಿಲ್ಲ. ಇದ್ದದ್ದು ಒಂದೇ ನಿಯಮ: ಗೇಟಿನಿಂದ ಒಳಗೆ ಬಂದವರು ಗೇಟಿನಿಂದಲೇ ಹೊರಗೆ ಹೋಗಬೇಕು. ಇವಳು ಗಾಳಿಯಲ್ಲಿ ಹೊರಟುಹೋದರೆ ರಿಜಿಸ್ಟರಿನಲ್ಲಿ ಕೊನೆಯವರೆಗೂ ಗುಡ್ಡದ ಮೇಲೇ ಉಳಿದುಬಿಡುತ್ತಾಳಲ್ಲ ಎಂಬುದು ಅವರ ನಿಜವಾದ ಚಿಂತೆ. ಕಡೆಗೆ, ಸ್ಥಳ ನೋಡಿ ತೀರ್ಮಾನಿಸುತ್ತೇನೆ ಎಂದರು.

ಭಾನುವಾರ ಮೂವರೂ ಗುಡ್ಡ ಹತ್ತಿದೆವು. ಅಂಚಿನಲ್ಲಿ ಬೇಲಿಯಿಲ್ಲ, ಕಂಬಿಯಿಲ್ಲ. ಸಂಸಾರಗಳು ಸಾಲಾಗಿ ನಿಂತು ಸೆಲ್ಫಿ ತೆಗೆಯುತ್ತಿದ್ದವು. ಸಾಹೇಬರು ಶ್ರಾವ್ಯಾಳಿಗೆ ಹೆಲ್ಮೆಟ್ಟಿದೆಯೇ, ವಿಮೆಯಿದೆಯೇ ಎಂದು ಕೇಳುತ್ತ, ಆಳ ಎಷ್ಟೆಂದು ನೋಡಲು ಬಗ್ಗಿದರು. ಕಾಲ ಕೆಳಗಿನ ಜಲ್ಲಿ ಜಾರಿತು. ಶ್ರಾವ್ಯಾ ನೆಲಕ್ಕೆ ಬಿದ್ದು ಅವರ ಬೆಲ್ಟು ಹಿಡಿದಳು.

"ಮಾವ, ನನ್ನ ಕಾಲು ಹಿಡ್ಕೊಳ್ಳಿ! ಬಿಡ್ಬೇಡಿ!"

ಕಣ್ಣು ಮುಚ್ಚಿಕೊಂಡು ಹಿಡಿದೆ. ಮೇಲೆ ಬಂದ ಸಾಹೇಬರು "ಬೇಟಿ..." ಎಂದವರೇ ಅವಳ ಬಾಟಲಿಯ ನೀರನ್ನೆಲ್ಲ ಕುಡಿದರು. ಅನುಮತಿ ಸಿಕ್ಕಿದಂತೆಯೇ ಎಂದುಕೊಂಡೆ.

ಎರಡು ವಾರಕ್ಕೆ ಪತ್ರ ಬಂತು. ಸ್ಥಳ ಅಪಾಯಕಾರಿಯೆಂದು ಖುದ್ದು ಪರಿಶೀಲನೆಯಿಂದ ದೃಢಪಟ್ಟಿರುವುದರಿಂದ ಪ್ಯಾರಾಶೂಟ್ ಸಮೇತ ಹಾರುವುದನ್ನು ನಿಷೇಧಿಸಲಾಗಿದೆ. ಅಂಚಿನಲ್ಲಿ ಅದೇ ಮಾತಿನ ಬೋರ್ಡೂ ಎದ್ದಿತು. ಪ್ಯಾರಾಶೂಟ್ ಇಲ್ಲದೆ ಬೀಳುವವರ ವಿಷಯದಲ್ಲಿ ಸರಕಾರಕ್ಕೆ ತಕರಾರಿಲ್ಲ. ಕಂಬಿಯ ಸುದ್ದಿಯೇ ಇಲ್ಲ.

ಆ ದಿನ ಶ್ರಾವ್ಯಾ ಸಿಟ್ಟಿಗೆ ಊಟ ಮಾಡಲಿಲ್ಲ. ಮುಂದಿನ ಭಾನುವಾರ ದಪ್ಪ ಹಗ್ಗ ತಂದು ಅಂಚಿನುದ್ದಕ್ಕೂ ಮರದಿಂದ ಮರಕ್ಕೆ ಬಿಗಿದು, ಕೆಂಪು ಬಟ್ಟೆಗಳನ್ನು ಕಟ್ಟಿದಳು. ನಾನು ಸುರಕ್ಷಿತ ದೂರದಲ್ಲಿ ನಿಂತು ಹಗ್ಗದ ಸುರುಳಿ ಬಿಚ್ಚಿಕೊಟ್ಟೆ.

ವಾರದ ನಂತರ ಹೋಗಿ ನೋಡಿದರೆ ಹಗ್ಗಕ್ಕೆ ಹೊಸ ಬೋರ್ಡು ನೇತಾಡುತ್ತಿತ್ತು: 'ನಿಮ್ಮ ಸುರಕ್ಷತೆಗಾಗಿ, ಉದ್ಯಾನ ಕಚೇರಿಯ ವತಿಯಿಂದ.'

ನನ್ನ ಮೈ ಉರಿಯಿತು. "ನಡಿ, ಈಗಲೇ ಕಂಪ್ಲೇಂಟ್ ಬರೆಯುವ" ಎಂದೆ.

ಒಬ್ಬ ತಾಯಿ ಓಡುತ್ತಿದ್ದ ಮಗುವನ್ನು ಹಗ್ಗದ ಈಚೆಗೇ ತಡೆದು ನಿಲ್ಲಿಸಿಕೊಂಡಳು. ಶ್ರಾವ್ಯಾ ಅದನ್ನೇ ನೋಡುತ್ತ ನಿಂತಿದ್ದಳು.

"ಬೇಡ ಮಾವ. ಬರೆದ್ರೆ ಹಗ್ಗಕ್ಕೆ ಪರ್ಮಿಶನ್ ಎಲ್ಲಿ ಅಂತ ಕೇಳ್ತಾರೆ."